ಅತ್ತಿಗೆಯ ಹಾಸು, ನಾದಿನಿಯ ಮೂಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಯದ ಮೂರನೇ ಕೋಣೆಯಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕೂತು, ಎಡಗೈಯನ್ನು ಮೊಣಕೈವರೆಗೂ ಹುಲ್ಲಿನೊಳಗೆ ತೂರಿಸಿ, ಜ್ವರ ನೋಡುವವರ ಹಾಗೆ ಕಣ್ಣು ಮುಚ್ಚಿದ್ದಾರೆ. ಪಕ್ಕದಲ್ಲಿ ಒಂದು ಮುದಿ ಹೆಣ್ಣುಕುದುರೆ ತಲೆ ತಗ್ಗಿಸಿ ನಿಂತಿದೆ. ಒಳ್ಳೆಯ ಆರಂಭ ಸಿಕ್ಕಿತು ಎಂದುಕೊಂಡು ನಾನು ಒಂದು ಹೆಜ್ಜೆ ಒಳಗಿಡುತ್ತೇನೆ. ಕಣ್ಣು ಮುಚ್ಚಿದ್ದವರ ಬಾಯಿ ತೆರೆಯುತ್ತದೆ. "ಬಾಗಿಲಲ್ಲೇ ನಿಂತ್ಕೊಳ್ಳಿ ಅಂತ ನಿನ್ನೆನೂ ಹೇಳಿದ್ದೆ. ಹಿಮ್ಮಡಿ ಊರಿ ಊರಿ ನಡೆದ್ರೆ ಮೇಲಿಂದು ಕೆಳಗೆ ಹೋಗುತ್ತೆ, ಕೆಳಗಿಂದು ಮೇಲೆ ಬರುತ್ತೆ."

ಇವರನ್ನು ಈ ಸವಾರಿ ಶಾಲೆಯಲ್ಲಿ ಎಲ್ಲರೂ ಹಾಸಿನಕ್ಕ ಎನ್ನುತ್ತಾರೆ. ಹನ್ನೊಂದು ಕುದುರೆಗಳಿಗೆ ಹಾಸಿಗೆ ಮಾಡುವುದು ಇವರ ಕೆಲಸ. "ಮನೇಲಿ ನನ್ನ ಹಾಸಿಗೆ ಎದ್ದಾಗ ಹೇಗಿತ್ತೋ ರಾತ್ರಿನೂ ಹಾಗೇ ಬಿದ್ದಿರುತ್ತೆ. ಇವುಗಳಿಗೆ ಮಾತ್ರ ದಿನಾ ಹೊಸದು" ಎಂದು ಗೊಣಗುತ್ತಾರೆ. ಭಾನುವಾರದ ಪುರವಣಿಗೆ ಎಲೆಮರೆಯ ಕಾಯಿಯಂಥವರ ಬಗ್ಗೆ ಬರೆಯುತ್ತೇನೆ ಎಂದಾಗಲೂ ಅವರಿಗೆ ಸಂತೋಷವೇನೂ ಆಗಲಿಲ್ಲ. "ಎಲೆ ಎಲ್ಲಿದೆ ಇಲ್ಲಿ? ಬರೀ ಹುಲ್ಲು."

ನನ್ನ ಜೊತೆಗಿರುವ ಛಾಯಾಗ್ರಾಹಕ ಮಹಾಶಯನಿಗೆ ಇಂಥ ಸಂದರ್ಭದಲ್ಲಿ ಏನು ಹೇಳಬಾರದು ಎಂಬುದು ಹುಟ್ಟಿದಾಗಿನಿಂದ ಗೊತ್ತಿಲ್ಲ. "ಅಕ್ಕಾ, ಆ ಕವೆಗೋಲು ಹಿಡ್ಕೊಂಡು ಆಳಕ್ಕೆ ಅಗೀತಿರೋ ಹಾಗೆ ಒಂದು ಪೋಸ್ ಕೊಡಿ" ಅನ್ನುತ್ತಾನೆ. ಅಷ್ಟು ಸಾಕು. ಮುಂದಿನ ಐದು ನಿಮಿಷ ಅವನಿಗಾಗುವ ಮಂಗಳಾರತಿಯನ್ನು ಇಲ್ಲಿ ಪೂರ್ತಿ ಬರೆಯಲಾಗುವುದಿಲ್ಲ. ಸಾರಾಂಶ ಇಷ್ಟು: ಈ ಲಾಯದಲ್ಲಿ ಏನು ಬೇಕಾದರೂ ಮಾಡಬಹುದು, ಹಾಸು ಅಗೆಯಬಾರದು. ಅವನು ಕ್ಯಾಮೆರಾ ತೆಗೆದುಕೊಂಡು ಹೊರಗೆ ಹೋಗಿ ವ್ಯಾನಿನಲ್ಲಿ ಕೂರುತ್ತಾನೆ.

ನೋಡಿದವರಿಗೆ ಇದು ಸೋಮಾರಿಗಳ ಪದ್ಧತಿ ಅನಿಸುತ್ತದೆ. ಬೇರೆ ಲಾಯಗಳಲ್ಲಿ ದಿನಾ ನೆಲದವರೆಗೂ ಹುಲ್ಲು ತೆಗೆದು, ತೊಳೆದು, ಹೊಸದು ಹಾಕುತ್ತಾರೆ. ಇಲ್ಲಿ ಹಾಗಲ್ಲ. ಬೆಳಿಗ್ಗೆ ಲದ್ದಿಯನ್ನಷ್ಟೇ ಆರಿಸಿ ತೆಗೆಯಬೇಕು. ತೀರಾ ಒದ್ದೆಯಾದ ಮೇಲ್ಪದರವನ್ನು ಸವರಿ ಎತ್ತಬೇಕು, ಅದರ ಮೇಲೆ ಒಣಹುಲ್ಲು ಹರಡಿ ತುಳಿದು ಬಿಗಿಮಾಡಬೇಕು. ಕೆಳಗಿನದು ಹಾಗೇ ಇರಬೇಕು. ಚಳಿಗಾಲದ ನಡುಹೊತ್ತಿಗೆ ಅದು ಮೊಣಕಾಲೆತ್ತರ ಬೆಳೆಯುತ್ತದೆ, ಒಳಗೊಳಗೇ ಮಾಗಿ ಬಿಸಿ ಕೊಡುತ್ತದೆ. ಚಳಿ ಮುಗಿದ ಮೇಲೆ ಒಂದೇ ಸಲ ಎಲ್ಲ ಕಿತ್ತು ಹೊರಗೆ ಹಾಕುತ್ತಾರೆ.

"ಹೇಳೋಕೆ ಸುಲಭ. ಮಾಡೋಕೆ ಬಿಡ್ತಾರಾ?" ಹಾಸಿನಕ್ಕ ಲದ್ದಿ ಆರಿಸುತ್ತಲೇ ಕೇಳುತ್ತಾರೆ. "ಬಂದವರಿಗೆಲ್ಲ ಕೈ ತುರಿಸುತ್ತೆ. ಕೆಳಗೆ ಏನಿದೆ ಅಂತ ಕೆದಕಿ ನೋಡೋದು. ಹೋದ ವರ್ಷ ನಾನು ಎರಡು ದಿನ ರಜೆ ಹಾಕಿದ್ದೇ ತಪ್ಪಾಯ್ತು. ಸವಾರಿ ಕಲಿಯೋಕೆ ಬರೋ ದೊಡ್ಡ ಮನುಷ್ಯರೊಬ್ಬರು ನನಗೆ ಉಪಕಾರ ಮಾಡೋಣ ಅಂತ ಇಡೀ ಕೋಣೆ ತಲೆಕೆಳಗೆ ಮಾಡಿ, ಗೊಬ್ಬರ ತಿರುವಿದ ಹಾಗೆ ತಿರುವಿ, ಮೇಲೆ ಚೆನ್ನಾಗಿ ಹುಲ್ಲು ಹಾಕಿ ಹೋಗಿದ್ರು. ಒಳಗಿದ್ದ ಘಾಟೆಲ್ಲ ಎದ್ದು ಕುದುರೆ ವಾರಗಟ್ಲೆ ಕೆಮ್ಮಿತು. ಬೈಯೋಕೂ ಆಗಲಿಲ್ಲ. ಥ್ಯಾಂಕ್ಸ್ ಹೇಳ್ತೀನಿ ಅಂತ ಕಾಯ್ತಾ ನಿಂತಿದ್ರು ಪುಣ್ಯಾತ್ಮರು."

ಆ ಘಾಟೇ ಈ ಕೆಲಸದ ಎಲ್ಲ ತಾಪತ್ರಯದ ಮೂಲ. ಗಂಜಲ ಕೊಳೆತರೆ ಅಮೋನಿಯಾ ಏಳುತ್ತದೆ, ಕುದುರೆಯ ಎದೆಗೆ ಅದು ವಿಷ. ನಿಂತವರ ಮೂಗಿಗೆ ಅದು ಬೇಗ ಸಿಗುವುದಿಲ್ಲ. ಹಾಗಾಗಿ ಹಾಸು ಮಾಡುವವರು ದಿನಾ ಬೆಳಿಗ್ಗೆ ಪ್ರತಿ ಕೋಣೆಯಲ್ಲೂ ಮಂಡಿಯೂರಿ, ಕುದುರೆ ಮಲಗಿದಾಗ ಅದರ ಮೂತಿ ಎಲ್ಲಿರುತ್ತದೋ ಅಲ್ಲಿಗೆ ಮುಖ ತಂದು, ಒಂದಿಷ್ಟು ಹೊತ್ತು ಉಸಿರಾಡಬೇಕು. ನಾಲ್ಕೂ ಮೂಲೆಯಲ್ಲಿ. ಇದು ಈ ಲಾಯದ ಕಟ್ಟುನಿಟ್ಟು.

ಹಾಸಿನಕ್ಕನಿಗೆ ವಾಸನೆ ಬರುವುದಿಲ್ಲ.

ಯಾವಾಗ ಹೋಯಿತು ಎಂದು ಅವರಿಗೇ ಗೊತ್ತಿಲ್ಲ. ಒಂದು ಸಂಜೆ ಮನೆಯಲ್ಲಿ ಹಾಲು ಉಕ್ಕಿ, ಸೀದು, ಪಾತ್ರೆ ಕರಕಲಾಗುತ್ತಿತ್ತು. ಇವರು ಒಲೆಯ ಪಕ್ಕದಲ್ಲೇ ಗೋಡೆ ಕಡೆ ತಿರುಗಿ ಬಟ್ಟೆ ಮಡಚುತ್ತಿದ್ದರು. ಆಚೆ ಕೋಣೆಯಿಂದ ನಾದಿನಿ ಓಡಿ ಬಂದು ಒಲೆ ಆರಿಸಿದಾಗಲೇ ಇಬ್ಬರಿಗೂ ವಿಷಯ ತಿಳಿದದ್ದು. ಗಂಡನ ತಂಗಿಯಾದ ಈ ನಾದಿನಿ ಇದೇ ಲಾಯದಲ್ಲಿ ಮೇವು ಹಾಕುವವರು. ಅತ್ತಿಗೆಗಿಂತ ಮೊದಲೇ ಕೆಲಸಕ್ಕೆ ಸೇರಿದವರು. ಹಾಸು ಕಟ್ಟುವುದನ್ನು ಅತ್ತಿಗೆಗೆ ಕಲಿಸಿದ್ದೂ ಅವರೇ. "ಯಾರಿಗೂ ಹೇಳಬೇಡ ಅಂದೆ. ಹೇಳಲ್ಲ ಅಂದ್ಲು" ಎನ್ನುತ್ತಾರೆ ಹಾಸಿನಕ್ಕ. ಅಂದಿನಿಂದ ಮೂರು ಚಳಿಗಾಲ, ಮೇವಿನ ಬಕೆಟ್ ತಂದಾಗಲೆಲ್ಲ ನಾದಿನಿಯೇ ಮಂಡಿಯೂರಿ ಮೂಸಿ, ಸರಿ ಇದೆ, ಇಲ್ಲ ಎಂದು ಹೇಳುತ್ತಿದ್ದರು. ಅತ್ತಿಗೆಯ ಕೈ, ನಾದಿನಿಯ ಮೂಗು. ವ್ಯವಸ್ಥೆ ಚೆನ್ನಾಗಿಯೇ ನಡೆದಿತ್ತು.

ಹೋದ ತಿಂಗಳು ನಾದಿನಿ ಮೇಲ್ವಿಚಾರಕರ ಮುಂದೆ ಬಾಯಿಬಿಟ್ಟರು. ಯಾಕೆ ಎಂದು ನಾನು ಕೇಳಿದರೆ ಉತ್ತರ ಒರಟಾಗಿಯೇ ಬರುತ್ತದೆ. "ಇನ್ನೇನು ಮಾಡ್ಲಿ? ಮೂಗಿನ ಡಾಕ್ಟರ ಹತ್ರ ಹೋಗು ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗ್ತು. ಅವರು ಹೇಳಿದ್ರಾದ್ರೂ ಹೋಗ್ತಾಳೆ ಅಂದ್ಕೊಂಡೆ." ಮೇಲ್ವಿಚಾರಕರು ಡಾಕ್ಟರ ಮಾತೆತ್ತಲಿಲ್ಲ, ಹಾಸಿನ ಮಾತೆತ್ತಿದರು. ಮೂಗಿಲ್ಲದವರು ಮಾಡಿದ ಹಾಸನ್ನು ನಂಬುವುದು ಹೇಗೆ? ಅವರದೂ ಅನ್ಯಾಯದ ಮಾತಲ್ಲ. "ನನಗೆ ಅಕ್ಕನೂ ಬೇಕು, ಕುದುರೆಗಳ ಶ್ವಾಸಕೋಶನೂ ಬೇಕು" ಎನ್ನುತ್ತಾರೆ. ಇವತ್ತು ಕುದುರೆ ಡಾಕ್ಟರು ಬರುತ್ತಾರೆ. ಘಾಟು ಸಿಕ್ಕರೆ ಹನ್ನೊಂದು ಕೋಣೆಗಳ ಹಾಸೂ ಇವತ್ತೇ ಹೊರಕ್ಕೆ, ರಬ್ಬರ್ ಚಾಪೆ ಒಳಕ್ಕೆ. ಸುತ್ತಿಟ್ಟ ಚಾಪೆಗಳು ಅಂಗಳದಲ್ಲಿ ಬಂದು ಕೂತಿವೆ. ಹಾಸಿನಕ್ಕ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಹತ್ತು ಕುದುರೆಗಳು ಚಾಪೆಗೆ ಹೊಂದಿಕೊಂಡಾವು. ಮೂರನೇ ಕೋಣೆಯದು ಹೊಂದಿಕೊಳ್ಳುವುದಿಲ್ಲ. ಎಲ್ಲರೂ ಅಜ್ಜಿ ಎಂದು ಕರೆಯುವ ಈ ಮುದಿ ಕುದುರೆಯ ಹಿಂಗಾಲಿನ ಕೀಲುಗಳು ಗಂಟುಗಟ್ಟಿವೆ. ನೆಲ ಮೆತ್ತಗಿಲ್ಲದಿದ್ದರೆ ಅದು ಮಲಗಲು ಹೆದರುತ್ತದೆ. ಹೋದ ಚಳಿಗಾಲ ಚಾವಣಿ ರಿಪೇರಿಗೆಂದು ಅದನ್ನು ಚಾಪೆ ಹಾಸಿದ ಬೇರೊಂದು ಕೋಣೆಗೆ ಹಾಕಿದ್ದರು. ದಿನಗಟ್ಟಲೆ ನಿಂತೇ ಇತ್ತು. ಆಮೇಲೆ ನಿಂತಲ್ಲೇ ತೂಕಡಿಸಿ, ಮುಂಗಾಲು ಮಡಚಿ ಕುಸಿದುಬಿತ್ತು. ಮಂಡಿಯ ಮೇಲೆ ಆ ಗಾಯದ ಬೋಳು ಕಲೆ ಈಗಲೂ ಇದೆ. "ಮಲಗದೇ ಇರೋ ಕುದುರೆ ಬಾಳಲ್ಲ. ಇನ್ನೊಂದ್ಸಲ ಬಿದ್ರೆ ಸೂಜಿ ಚುಚ್ಚಿ ಕಳಿಸಿಬಿಡ್ತಾರೆ. ತಪ್ಪು ಅನ್ನಲ್ಲ, ಅದೂ ನರಳಬಾರದಲ್ಲ" ಎನ್ನುತ್ತಾರೆ ಅಕ್ಕ. ಆಮೇಲೆ ಹುಲ್ಲು ಉದುರಿಸತೊಡಗುತ್ತಾರೆ.

ಬಕೆಟ್ ಸದ್ದು ಮಾಡುತ್ತಾ ನಾದಿನಿ ಬರುತ್ತಾರೆ. ಅತ್ತಿಗೆ ನಾದಿನಿ ಒಂದೇ ಮನೆಯಲ್ಲಿ ಉಣ್ಣುತ್ತಾರೆ, ಒಂದೇ ಬಸ್ಸಿನಲ್ಲಿ ಬರುತ್ತಾರೆ, ಒಂದು ತಿಂಗಳಿಂದ ಒಂದು ಮಾತಾಡಿಲ್ಲ. ನಡುವೆ ಸಿಕ್ಕಿಕೊಂಡ ಹಾಸಿನಕ್ಕನ ಯಜಮಾನರು ರಾತ್ರಿ ಬೇಕರಿಯಲ್ಲಿ ಕೆಲಸ ಮಾಡುವವರು. ನಾನು ಫೋನ್ ಮಾಡಿ ಈ ಜಗಳದ ಬಗ್ಗೆ ಕೇಳಿದ್ದಕ್ಕೆ "ಬ್ರೆಡ್ ಬಗ್ಗೆ ಏನು ಬೇಕಾದ್ರೂ ಕೇಳಿ" ಎಂದು ಫೋನಿಟ್ಟಿದ್ದರು. ಹಾಗಾಗಿ ಇಲ್ಲಿನ ಮಾತುಕತೆಯೆಲ್ಲ ಕುದುರೆಯ ಮೂಲಕ.

ನಾದಿನಿ ಮಂಡಿಯೂರುತ್ತಾರೆ. ಮೂರು ಮೂಲೆ ಮುಗಿಸಿ ನಾಲ್ಕನೆಯದರಲ್ಲಿ, ನೀರಿನ ತೊಟ್ಟಿಯ ಪಕ್ಕದಲ್ಲಿ, ನಿಲ್ಲುತ್ತಾರೆ. "ಅಜ್ಜೀ, ನಿನ್ನ ಹಾಸು ಮಾಡೋರಿಗೆ ಹೇಳು. ಈ ಮೂಲೆಲಿ ಘಾಟಿದೆ."

ಹಾಸಿನಕ್ಕ ಅಲ್ಲಿಗೆ ಬಂದು ಕೈ ತೂರಿಸುತ್ತಾರೆ. ಮೂಗು ಹೋದ ಮೇಲೆ ಅವರು ನಂಬಿರುವುದು ಈ ಕೈಯನ್ನು. ಬೆಚ್ಚಗಿದ್ದರೆ ಹಾಸು ಸರಿ, ತಣ್ಣಗೆ ಲೋಳೆಯಾಗಿದ್ದರೆ ಕೆಟ್ಟಿದೆ. "ಅಜ್ಜೀ, ಬಕೆಟ್ ತರೋರಿಗೆ ಹೇಳು. ಬೆಚ್ಚಗಿದೆ, ಒಣಗಿದೆ. ಹೊಟ್ಟೆಯೊಳಗೇ ಘಾಟು ಇಟ್ಕೊಂಡೋರಿಗೆ ಎಲ್ಲ ಕಡೆನೂ ಘಾಟೇ."

"ಅಜ್ಜೀ, ಮೇಲೆ ಬೆಚ್ಚಗಿದೆ. ತಳಕ್ಕೆ ಕೈ ಮುಟ್ಟಿದ್ಯಾ ಅಂತ ಕೇಳು."

"ತಳ ಮುಟ್ಟಬಾರದು ಅಂತ ಕಲಿಸಿದ್ದು ಯಾರು ಅಂತ ಕೇಳು, ಅಜ್ಜೀ."

ಅಜ್ಜಿ ಇಬ್ಬರನ್ನೂ ಬಿಟ್ಟು ಬಕೆಟ್ಟಿಗೆ ಮೂತಿ ಹಾಕುತ್ತದೆ. ಆಗ ಇಬ್ಬರೂ ನನ್ನ ಕಡೆ ತಿರುಗುತ್ತಾರೆ. ನೀವು ಹೊರಗಿನವರು, ನೀವೇ ಮೂಸಿ ಹೇಳಿ. ಬಾಗಿಲಲ್ಲೇ ನಿಲ್ಲಬೇಕಾದ ನನ್ನನ್ನು ಒಳಗೆ ಕರೆದು ಮಂಡಿಯೂರಿಸುತ್ತಾರೆ. ಮೂಸುತ್ತೇನೆ. ಎರಡು ದಿನದಿಂದ ಇಲ್ಲೇ ಬಿದ್ದಿರುವ ನನಗೆ ಹುಲ್ಲು, ತೊಟ್ಟಿ, ನನ್ನ ಸ್ವೆಟರ್, ಬೆಳಿಗ್ಗೆ ಕುಡಿದ ಚಹಾ ಎಲ್ಲವೂ ಕುದುರೆಯ ವಾಸನೆಯೇ. ಹಾಗೆಂದು ಹೇಳುತ್ತೇನೆ. ಇಬ್ಬರೂ ಒಂದು ತಿಂಗಳಲ್ಲಿ ಮೊದಲ ಬಾರಿಗೆ ಒಮ್ಮತಕ್ಕೆ ಬರುತ್ತಾರೆ: ನಾನು ಪ್ರಯೋಜನಕ್ಕೆ ಬಾರದ ಪ್ರಾಣಿ.

ಡಾಕ್ಟರು ಬರುವ ಹೊತ್ತಾಗುತ್ತಿದೆ. ಇಲ್ಲಿ ಇವರಿಬ್ಬರ ಜಗಳಕ್ಕೆ ಕೊನೆ ಮೊದಲಿಲ್ಲ. ನನಗೆ ನಿಜವಾಗಿಯೂ ತಲೆ ಚಿಟ್ಟು ಹಿಡಿಯುತ್ತದೆ. ಅಷ್ಟರಲ್ಲಿ ನಾದಿನಿ ಎದ್ದು, ಕುದುರೆಯನ್ನು ದಾಟಿ, ನೇರ ಅತ್ತಿಗೆಯ ಎದುರು ನಿಲ್ಲುತ್ತಾರೆ.

"ಅತ್ತಿಗೆ, ನಂಗೆ ಕೋಪ ಇರೋದು ನಿನ್ನ ಮೇಲೆ. ಅಜ್ಜಿ ಮೇಲಲ್ಲ. ಸುಳ್ಳು ಯಾಕೆ ಹೇಳ್ಲಿ?"

ಹಾಸಿನಕ್ಕ ನಾದಿನಿಯ ಮುಖವನ್ನೇ ನೋಡುತ್ತಾರೆ. ಆಮೇಲೆ ಅಜ್ಜಿಯ ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟು, ಅಂಗಳಕ್ಕೆ ಕರ್ಕೊಂಡು ಹೋಗಿ ಅನ್ನುತ್ತಾರೆ. ಬಾಗಿಲು, ಕಿಟಕಿ ಎರಡನ್ನೂ ಪೂರ್ತಿ ತೆರೆಯುತ್ತಾರೆ. ಗೋಡೆಗೆ ಒರಗಿಸಿದ್ದ ಕವೆಗೋಲನ್ನು ತೆಗೆದುಕೊಂಡು ಆ ಮೂಲೆಯಲ್ಲಿ ಆಳಕ್ಕೆ ಚುಚ್ಚಿ, ಇಡೀ ಮೈಭಾರ ಹಾಕಿ ಎತ್ತುತ್ತಾರೆ. ನಾನು ಅಜ್ಜಿಯ ಹಗ್ಗ ಹಿಡಿದು ಬಾಗಿಲಾಚೆ ನಿಂತು ನೋಡುತ್ತೇನೆ. ಛಾಯಾಗ್ರಾಹಕ ವ್ಯಾನಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಾನೆ.

ತಳ ಕಪ್ಪಗೆ, ಲೋಳೆಲೋಳೆಯಾಗಿದೆ. ಈಗ ನನ್ನ ಮೂಗಿಗೂ ಅದು ಗುದ್ದಿದ ಹಾಗೆ ಬಡಿಯುತ್ತದೆ. ತೊಟ್ಟಿಯ ಹಿಂದಿನ ಬೆಸುಗೆ ಬಿಟ್ಟು, ಗೋಡೆಗುಂಟ ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ಮೇಲೆ ಚೆಲ್ಲಿದ ನೀರಾಗಿದ್ದರೆ ಕೈಗೆ ಸಿಗುತ್ತಿತ್ತು, ಇದು ಕೆಳಗಿನಿಂದ ಬಂದ ಒದ್ದೆ. ಹಾಸಿನಕ್ಕ ಮತ್ತೆ ಕವೆಗೋಲು ಊರುತ್ತಾರೆ. ಅವರು ಅಗೆದದ್ದನ್ನು ನಾದಿನಿ ಗಾಡಿಗೆ ತುಂಬುತ್ತಾರೆ. ಕೆಟ್ಟ ಮೂಲೆಯನ್ನಷ್ಟೇ, ಕಲ್ಲು ಕಾಣುವವರೆಗೂ. ಉಳಿದ ಮೂರು ಪಾಲು ಹಾಸು ಕದಲದ ಹಾಗೆ ಅಂಚಿಗೆ ಹಲಗೆ ಕೊಟ್ಟು ತಡೆದಿದ್ದಾರೆ. ತೊಟ್ಟಿ ಖಾಲಿ ಮಾಡಿ, ನೆಲ ಒರೆಸಿ, ಒಣಹುಲ್ಲನ್ನು ಪದರ ಪದರವಾಗಿ ಹಾಕಿ ಇಬ್ಬರೂ ಅಕ್ಕಪಕ್ಕ ನಿಂತು ತುಳಿಯುತ್ತಾರೆ. "ಆ ಕಡೆ ಇನ್ನೊಂಚೂರು." "ಕಾಣ್ತಾ ಇದೆ, ಕಣ್ಣಿದೆ ನಂಗೆ." ಮಾತು ಇಷ್ಟೇ, ಆದರೆ ಕುದುರೆ ಅಂಗಳದಲ್ಲಿದೆ, ಮಾತು ನೇರ ಒಬ್ಬರಿಂದೊಬ್ಬರಿಗೆ.

ಡಾಕ್ಟರು ಮೇಲ್ವಿಚಾರಕರ ಜೊತೆ ಬರುತ್ತಾರೆ. ಗಂಭೀರವಾಗಿ ಪ್ಯಾಂಟು ಎಳೆದುಕೊಂಡು ಹನ್ನೊಂದು ಕೋಣೆಗಳಲ್ಲೂ ಮಂಡಿಯೂರುತ್ತಾರೆ. ಹತ್ತರ ಬಗ್ಗೆ ದೂರಿಲ್ಲ. ಮೂರನೇ ಕೋಣೆಯಲ್ಲಿ ಮೇಲ್ವಿಚಾರಕರ ಕಣ್ಣು ಹೊಸ ಹುಲ್ಲಿನ ಮೇಲೆ ಬೀಳುತ್ತದೆ.

"ಇಲ್ಲಿ ಅಗೆದಿದ್ದೀರಾ?"

ಮುಚ್ಚಿಡಬಹುದಿತ್ತು. ನೆಲ ಒಣಗಿದೆ, ಗಾಳಿ ಆಡಿದೆ, ಘಾಟಿಲ್ಲ. "ಅಗೆದೆ. ತೊಟ್ಟಿ ಸೋರಿ ಕೆಳಗೆ ಕೊಳೆತಿತ್ತು. ನಂಗೆ ಗೊತ್ತಾಗಲಿಲ್ಲ" ಎನ್ನುತ್ತಾರೆ ಹಾಸಿನಕ್ಕ. ಆಮೇಲೆ, ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿ, "ಇವಳಿಗೆ ಗೊತ್ತಾಯ್ತು."

ಮೇಲ್ವಿಚಾರಕರು ಡಾಕ್ಟರ ಮುಖ ನೋಡುತ್ತಾರೆ. ಡಾಕ್ಟರು ಅಜ್ಜಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡು, ಉಸಿರು ಸ್ವಚ್ಛವಾಗಿದೆ ಎನ್ನುತ್ತಾರೆ. ತೀರ್ಮಾನ ಅಲ್ಲೇ ಆಗುತ್ತದೆ. ಚಳಿಗಾಲ ಮುಗಿಯುವವರೆಗೆ ಹಾಸು ಇರಲಿ. ಒಂದು ಷರತ್ತು: ಇನ್ನು ಮುಂದೆ ದಿನಾ ಬೆಳಿಗ್ಗೆ ಎಲ್ಲ ಕೋಣೆಗಳನ್ನು ಮೂಸಿ ನೋಡುವ ಕೆಲಸ ಅಧಿಕೃತವಾಗಿ ನಾದಿನಿಯದು. ಅವರು ಸರಿ ಎನ್ನದೆ ಅಕ್ಕ ಹೊಸ ಹುಲ್ಲು ಹಾಕುವಂತಿಲ್ಲ.

"ನೋಡಿದ್ರಾ?" ಅವರು ಹೋದ ಮೇಲೆ ಹಾಸಿನಕ್ಕ ನನ್ನ ಮೇಲೆ ಹರಿಹಾಯುತ್ತಾರೆ. "ಮನೇಲೂ ಇವಳದೇ, ಬಸ್ಸಲ್ಲೂ ಇವಳದೇ, ಇನ್ನು ಇಲ್ಲೂ ಇವಳ ಅಪ್ಪಣೆ. ಮೂಗಿನ ತುದೀಲೇ ಕೋಪ ಇಟ್ಕೊಂಡಿರೋಳಿಗೆ ಆ ಮೂಗನ್ನೇ ಕೆಲಸಕ್ಕೆ ಹಚ್ಚಿದ್ರು." ಇಷ್ಟೆಲ್ಲ ಹೇಳುತ್ತಲೇ ಅಜ್ಜಿಯನ್ನು ಒಳಗೆ ತಂದು ಬಿಡುತ್ತಾರೆ. ಅಜ್ಜಿ ಹೊಸ ಮೂಲೆಯನ್ನು ಗೊರಸಿನಿಂದ ತಟ್ಟಿ ನೋಡುತ್ತದೆ. ಎರಡು ಸುತ್ತು ಹಾಕುತ್ತದೆ. ಮತ್ತೆ ನಿಲ್ಲುತ್ತದೆ.

ಆಮೇಲೆ ಮುಂಗಾಲು ಮಡಚಿ, ಒಂದು ಸಲ ನರಳಿ, ಧೊಪ್ಪೆಂದು ಮಲಗುತ್ತದೆ.

ಇಂಥ ಲೇಖನಗಳ ಕೊನೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ನಾಚಿಕೆ ಬಿಟ್ಟು ಕೇಳುತ್ತೇನೆ. ನಿಮಗೆ ಏನಾದರೂ ಆಸೆ ಇದೆಯೇ?

"ಆ ಘಾಟು ಒಂದ್ಸಲ ನಂಗೇ ಬರಬೇಕು" ಎನ್ನುತ್ತಾರೆ ಹಾಸಿನಕ್ಕ, ಯೋಚನೆಯನ್ನೇ ಮಾಡದೆ. "ಕಣ್ಣು ಉರಿಯೋ ಹೊತ್ತಿಗೆ ತಡ ಆಗಿರುತ್ತೆ. ಅದಕ್ಕಿಂತ ಮುಂಚೆ, ಮೂಗಿಗೆ. ಆಮೇಲೆ ಯಾರ ಹಂಗೂ ಬೇಡ."

ನಾಲ್ಕನೇ ಕೋಣೆಯಲ್ಲಿ ನಾದಿನಿ ಮಂಡಿಯೂರಿ ಕೂತಿದ್ದಾರೆ. ಹುಲ್ಲಿಗೆ ಮುಖ ಹಚ್ಚಿ, ಕಣ್ಣು ಮುಚ್ಚಿ, ಉಸಿರೆಳೆದು, "ಅತ್ತಿಗೆ, ಇದು ಸರಿ ಇದೆ" ಎಂದು ಅಲ್ಲಿಂದಲೇ ಕೂಗುತ್ತಾರೆ. ಹಾಸಿನಕ್ಕ ಆ ಕಡೆ ನೋಡುತ್ತಾ ಒಂದು ಕಂತೆ ಹುಲ್ಲು ಎತ್ತಿಕೊಳ್ಳುತ್ತಾರೆ.

"ಆ ಆಸೆ ಅಂದ್ನಲ್ಲ, ಅದನ್ನ ಬರೀಬೇಡಿ" ಎನ್ನುತ್ತಾರೆ ನನಗೆ. "ಮೂಗು ವಾಪಸ್ ಬಂದ್ರೆ ಅವಳು ಈ ಕಡೆ ಯಾಕೆ ಬರ್ತಾಳೆ? ಹೊಡೆದುಹಾಕಿ ಅದನ್ನ. ಅಜ್ಜಿ ಮಲಗಿದ್ಲು ಅಂತ ಬರ್ಕೊಳ್ಳಿ. ಅಷ್ಟು ಸಾಕು."