ಪಾಸ್‌ಪೋರ್ಟ್ ನೋಡಿ ಸಂಬಳ

ಗಲ್ಫಿನ ವೆಸ್ಟ್ ಬೇಯಲ್ಲಿರುವ ನಮ್ಮ ಆಫೀಸಿನಲ್ಲಿ ಕೆಲಸ ನೋಡಿ ಸಂಬಳ ಕೊಡುವುದಿಲ್ಲ, ಪಾಸ್‌ಪೋರ್ಟ್ ನೋಡಿ ಕೊಡುತ್ತಾರೆ. ಇದೇನು ಗುಟ್ಟಲ್ಲ. ನಮ್ಮ ಮ್ಯಾನೇಜರ್ ಮಂಗಳೂರು ಕಡೆಯವರು, ಒಂದು ಕಾಲಕ್ಕೆ ನನ್ನ ಹಾಗೆಯೇ ಇಲ್ಲಿ ಸಾಮಾನ್ಯ ಇಂಜಿನಿಯರ್. ಕೆಲಸ ಬಿಟ್ಟು ಕೆನಡಾಕ್ಕೆ ಹೋದರು. ಕೆಲವು ವರ್ಷ ಹಿಮ ಗೋರಿ, ಗೋದಾಮಿನಲ್ಲಿ ದುಡಿದು, ಅಲ್ಲಿನ ಪಾಸ್‌ಪೋರ್ಟ್ ಸಂಪಾದಿಸಿ ಮರಳಿ ಬಂದರು. ಮೊದಲು ಕೂತದ್ದು ಅದೇ ಹಳೆಯ ಕುರ್ಚಿಯಲ್ಲಿ, ತಿದ್ದಿದ್ದು ಅದೇ ನಕ್ಷೆಗಳನ್ನು. ಸಂಬಳ ಮಾತ್ರ ಬಿಳಿಯರದ್ದು.

ಇಷ್ಟಾದರೂ ಅವರ ಬಾಯಲ್ಲಿ ಸದಾ ಒಂದೇ ಪಾಠ. ಮಾರುಕಟ್ಟೆ ಯಾರಿಗೂ ಅನ್ಯಾಯ ಮಾಡುವುದಿಲ್ಲ, ಮೀಸಲಾತಿ ಸೋಮಾರಿಗಳಿಗೆ, ಸಂಬಳದ ವಿಷಯಕ್ಕೆ ಸರ್ಕಾರ ತಲೆ ಹಾಕಬಾರದು. ಕೇಳಿ ಕೇಳಿ ನನಗೆ ಸಾಕಾಗಿತ್ತು.

ಕಳೆದ ವರ್ಷ ನನಗೆ ಬಡ್ತಿ ಬಂತು. ನನ್ನ ಜಾಗಕ್ಕೆ ಪಕ್ಕದಲ್ಲೇ ಕೂರುವ ಕೀನ್ಯಾದ ಗೆಳತಿ ಬರಬೇಕಿತ್ತು. ನಾನು ಅವಳಿಗೆ ಕೆಲಸ ಒಪ್ಪಿಸಿದ ಮೇಲೆಯೇ ಬಡ್ತಿ ಕೈಗೆ ಬರುವುದು, ಇಲ್ಲಿನ ಪದ್ಧತಿ ಹಾಗೆ. ಅವಳಿಗೆ ಗೊತ್ತುಮಾಡಿದ ಸಂಬಳ ನನ್ನದಕ್ಕಿಂತ ಬಹಳ ಕಡಿಮೆ ಎಂದು ತಿಳಿದದ್ದೇ ಮ್ಯಾನೇಜರ್ ಕೋಣೆಗೆ ನುಗ್ಗಿದೆ.

“ಎಂತ ಸಾರ್ ಇದು? ನಾನು ಮಾಡಿದ ಕೆಲಸವನ್ನೇ ಅಲ್ವಾ ಅವಳು ಮಾಡುದು?”

“ಆಫ್ರಿಕಾದವರಿಗೆ ಮಾರ್ಕೆಟ್ ರೇಟ್ ಅಷ್ಟೇ ಮಾರಾಯ್ತಿ. ಇದ್ರಲ್ಲಿ ಕಪ್ಪು ಬಿಳಿ ಅಂತ ಎಂತ ಉಂಟು?”

“ಹಾಗಾದ್ರೆ ಕೆನಡಾದಲ್ಲಿ ನೀವು ಎಂತ ಕಲಿತದ್ದು ಹೇಳಿ. ಹಿಮ ಗೋರ್ಲಿಕ್ಕೆ ಬಿಟ್ಟು?”

ಅವರ ಮುಖ ಕೆಂಪಾಯಿತು. ಮನುಷ್ಯ ಕೆಟ್ಟವರಲ್ಲ. ನನ್ನ ತಾಯಿ ತೀರಿಕೊಂಡಾಗ ಟಿಕೆಟ್ ಮಾಡಿಸಿ, ಏರ್‌ಪೋರ್ಟಿನವರೆಗೆ ಬಂದು ಬಿಟ್ಟವರು. ಅದಕ್ಕೇ ನನಗೆ ಸಿಟ್ಟು ಹೆಚ್ಚು. ಸಾವಿನ ದುಃಖ ಅರ್ಥವಾಗುವ ಮನುಷ್ಯನಿಗೆ ಇದೊಂದು ಅರ್ಥವಾಗದ ಹಾಗೆ ಆ ಸಿದ್ಧಾಂತ ಕಣ್ಣು ಕಟ್ಟಿತ್ತು.

“ನಾನು ಕೆಲಸ ಒಪ್ಪಿಸುದಿಲ್ಲ. ನನಗೆ ಕೊಟ್ಟಷ್ಟೇ ಅವಳಿಗೂ ಕೊಡಿ, ಮತ್ತೆ ನನ್ನ ಕುರ್ಚಿಯಿಂದ ಏಳ್ತೇನೆ.”

“ಯಾರೋ ಬೇರೆಯವರಿಗೋಸ್ಕರ ನಿನ್ನ ಬಡ್ತಿ ಹಾಳು ಮಾಡ್ಕೊಳ್ತೀಯಾ?”

“ಬೇರೆಯವರು ಯಾರು ಸಾರ್? ನನ್ನ ಕೈಯಲ್ಲಿ ಇರುದು ನೀವು ಬಿಟ್ಟು ಹೋದ ನಮ್ಮ ದೇಶದ ಪಾಸ್‌ಪೋರ್ಟ್. ಅದರ ರೇಟ್ ಸಾಲದೆ ಅಲ್ವಾ ನೀವು ಕೆನಡಾಕ್ಕೆ ಓಡಿದ್ದು?”

ಹೊರಗೆ ಬಂದು ಗೆಳತಿಗೆ ವಿಷಯ ಹೇಳಿದೆ. ಆ ರೇಟಿಗಾದರೆ ತನಗೂ ಆ ಜಾಗ ಬೇಡ, ನೀನು ಏಳಬೇಡ ಎಂದಳು. ಅವಳ ಸಂಬಳ ಇನ್ನೂ ಏರಿಲ್ಲ, ನನ್ನ ಬಡ್ತಿಯೂ ಕೈಬಿಟ್ಟುಹೋಯಿತು. ಊರಿನವರು ನನ್ನನ್ನು ಹುಚ್ಚಿ ಎಂದು ನಗುತ್ತಾರೆ. ನಗಲಿ. ಗೆಳತಿಯನ್ನು ಅಗ್ಗಕ್ಕೆ ಕೂರಿಸಲು ಆಫೀಸಿನವರಿಗೆ ನನ್ನ ಕುರ್ಚಿ ಬೇಕು. ನಾನು ಅದರಿಂದ ಎದ್ದಿಲ್ಲ.