ಜಾಹೀರಾತಿನಲ್ಲಿ ಉಳಿದ ಕೈ

ಮಾಮನ ಬಲಗೈ ನಡುಬೆರಳಿನ ಗೆಣ್ಣು ಉಳಿದವಕ್ಕಿಂತ ದಪ್ಪ. ಯಾವುದೋ ರೇಸಿನಲ್ಲಿ ಬಿದ್ದು ಮುರಿದು, ಸರಿಯಾಗಿ ಕೂಡದೆ ಊದಿಕೊಂಡು ಹಾಗೆಯೇ ಉಳಿದದ್ದು. ಬೈಕಿನಲ್ಲಿ ಹಿಂದೆ ಕೂತು ನನಗೆ ಕಲಿಸುವಾಗ ಆ ಗೆಣ್ಣಿನಿಂದಲೇ ನನ್ನ ಹೆಲ್ಮೆಟ್ಟಿಗೆ ತಟ್ಟುತ್ತಿದ್ದರು. ಒಂದು ತಟ್ಟಿದರೆ ನಿಲ್ಲಿಸು. ಎರಡು ತಟ್ಟಿದರೆ ಇಳಿಸು. ಮೂರು ತಟ್ಟಿದರೆ, ಒಳಗೆ ಜನ ಇದ್ದಾರೆ, ಜೋಪಾನ. ಹೆಲ್ಮೆಟ್ಟಿನೊಳಗೆ ಇದ್ದದ್ದು ನನ್ನ ತಲೆ ಒಂದೇ. ಆದರೂ ದಿಬ್ಬ ಇಳಿಯುವ ಮುಂಚೆ ಆ ಮೂರನ್ನು ಅವರು ತಪ್ಪಿಸಿದ್ದು ನನಗೆ ನೆನಪಿಲ್ಲ.

ಅದು ಅವರ ಅಪ್ಪನಿಂದ ಬಂದದ್ದು. ಅಪ್ಪ ನಂದಿದುರ್ಗ ಚಿನ್ನದ ಗಣಿಯ ಬಾಯಲ್ಲಿ ಗಂಟೆ ಹೊಡೆಯುವ ಕೆಲಸದಲ್ಲಿದ್ದರು. ಕೆಳಗಿಳಿಯುವ ಕಬ್ಬಿಣದ ಪಂಜರ ಅಲುಗಬೇಕಾದರೆ ಅವರ ಗಂಟೆಯೇ ಅಪ್ಪಣೆ. ಸಾಮಾನು ಇಳಿಸುವ ವೇಗ ಬೇರೆ, ಜನ ಇದ್ದಾಗಿನದು ಬೇರೆ. ಅದಕ್ಕೇ ಜನ ಇದ್ದರೆ ಮೊದಲು ಮೂರು, ಆಮೇಲೆ ಎರಡು. ಗಣಿ ಮುಚ್ಚಿತು, ಅಪ್ಪನೂ ಹೋದರು. ಗಂಟೆಯ ಲೆಕ್ಕ ಮಗನ ಬೆರಳಿಗೆ ಬಂತು.

ನಮಗೂ ಗಣಿಗೂ ಸಂಬಂಧವಿಲ್ಲ. ನಮ್ಮಪ್ಪ ಹಾವೇರಿ ಕಡೆಯಿಂದ ಇಲ್ಲಿನ ಕಾರ್ಖಾನೆಯ ಕೆಲಸಕ್ಕೆ ಬಂದವರು. ಗಣಿಯ ಪಕ್ಕದ ಊರಿಗಾಮಿನಲ್ಲಿ ಬಾಡಿಗೆ ಮನೆ ಹಿಡಿದಾಗ ಪಕ್ಕದ ಮನೆಯವರು ಈ ಮಾಮ. ವಾರವೆಲ್ಲ ಬಂಗಾರಪೇಟೆ ಸ್ಟೇಷನ್ ಹತ್ತಿರದ ಗ್ಯಾರೇಜಿನಲ್ಲಿ ಕೆಲಸ, ಭಾನುವಾರ ಸೈನೈಡ್ ದಿಬ್ಬದ ಮೇಲೆ ಬೈಕು. ಚಿನ್ನ ತೆಗೆದುಕೊಂಡು ಬಿಸಾಕಿದ ಆ ಮಣ್ಣಿನ ಗುಡ್ಡವನ್ನು ಅವರು ಹತ್ತುವುದನ್ನು ನೋಡಿ ನನಗೂ ಹುಚ್ಚು ಹಿಡಿಯಿತು. ಅಮ್ಮ ರಂಪ ಮಾಡಿದಾಗ ಮಾಮ ಅಡುಗೆಮನೆ ಬಾಗಿಲಲ್ಲಿ ನಿಂತು, "ಬೀಳದಂಗೆ ಕಲಿಸ್ತೀನಿ ಅಕ್ಕಾ. ಬಿದ್ರೆ ನಾನೇ ಎತ್ಕೊಂಡ್ ಬತ್ತೀನಿ" ಎಂದರು. ಎರಡನ್ನೂ ನಡೆಸಿಕೊಟ್ಟರು.

ಅವರಿಗಿದ್ದದ್ದು ಒಂದೇ ಆಸೆ, ಕಾರ್ ರೇಸು. ಬೈಕಿನಲ್ಲಿ ಗೆದ್ದ ಕಪ್ಪುಗಳು ಅವರ ಮನೆಯಲ್ಲಿ ಬೇಳೆಕಾಳು ತುಂಬಿಕೊಂಡು ಕೂತಿದ್ದವು. ವಯಸ್ಸು ನಲವತ್ತು ದಾಟಿತ್ತು. "ಬೈಕು ಮೈ ಕೇಳ್ತದೆ ಕಣಮ್ಮಿ, ಕಾರು ತಲೆ ಕೇಳ್ತದೆ. ಮೈ ಓಯ್ತು, ತಲೆ ಐತೆ" ಎನ್ನುತ್ತಿದ್ದರು. ಆದರೆ ಕಾರಿಗೆ ಹತ್ತಲು ಖರ್ಚು ಹೊರುವ ಕಂಪನಿಯೊಂದು ಬೇಕು. ನನ್ನ ಬೈಕಿನ ವಿಡಿಯೋಗಳನ್ನು ಜನ ಮುಗಿಬಿದ್ದು ನೋಡತೊಡಗಿದ ಮೇಲೆ ಅಂಥ ಕಂಪನಿ ನನ್ನನ್ನು ಕರೆಯಿತು. ಮಾಮನಿಗೂ ಒಂದು ಅವಕಾಶ ಕೊಡಿ ಎಂದು ಹಟ ಹಿಡಿದೆ. ಒಪ್ಪಿದರು.

ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ನಡೆದ ಪರೀಕ್ಷೆಯ ಓಟದಲ್ಲಿ ಇಬ್ಬರೂ ಒಂದೇ ತಪ್ಪು ಮಾಡಿದೆವು. ತಿರುವು ಬಂದಾಗ ಬೈಕಿನ ಮೇಲಿದ್ದ ಹಾಗೆ ಮೈ ವಾಲಿಸಿದೆವು. ಬೆಲ್ಟು ಭುಜ ಹಿಡಿದೆಳೆಯಿತು. ಮಾಮ ಇಳಿದು ಬಂದು ನಕ್ಕರು. "ಕಾರು ವಾಲಲ್ಲ ಕಣಮ್ಮಿ, ನಾವ್ ವಾಲಿದ್ರೆ ಅದಕ್ಕೇನು?" ಮುಂದಿನ ಸಲ ಕಂಬದ ಹಾಗೆ ಕೂತು ಓಡಿಸಿದರು. ನನಗೆ ಆ ಚಾಳಿ ಸಂಜೆಯವರೆಗೂ ಬಿಡಲಿಲ್ಲ. ನನಗಿಂತ ಅವರೇ ವೇಗ ಎಂಬುದರಲ್ಲಿ ಅಲ್ಲಿದ್ದ ಯಾರಿಗೂ ಅನುಮಾನವಿರಲಿಲ್ಲ.

ಕಂಪನಿಯ ಕಾರಿನಲ್ಲಿದ್ದ ಒಂದೇ ಸೀಟು ನನಗೆ ಬಂತು. ಕಂಪನಿಯ ಅಧಿಕಾರಿ ಮುಚ್ಚುಮರೆ ಮಾಡಲಿಲ್ಲ. "ಅವರು ಚೆನ್ನಾಗಿ ಓಡಿಸ್ತಾರೆ ಮೇಡಂ, ಒಪ್ತೀನಿ. ಆದ್ರೆ ಅವರನ್ನ ಯಾರಿಗೆ ತೋರಿಸೋದು? ನಿಮ್ಮನ್ನ ನೋಡೋಕೆ ಜನ ಇದ್ದಾರೆ. ಜನ ಇದ್ರೆ ತಾನೆ ಕಾರು ಓಡೋದು?" ನನಗೆ ಬೇಡ ಎನ್ನಲು ಬಾಯಿ ತೆರೆದೆ. ಮಾಮ ನನ್ನ ಕೈಯಲ್ಲಿದ್ದ ಹೆಲ್ಮೆಟ್ಟಿನ ಮೇಲೆ ಒಂದೇ ಸಲ ತಟ್ಟಿದರು. ನಾನು ನಿಲ್ಲಿಸಿದೆ.

ಕಂಪನಿಯ ಜಾಹೀರಾತಿನವರು 'ಚಿನ್ನದ ಗಣಿಯ ಮಗಳು' ಎಂಬ ಕಥೆ ಬರೆದುಕೊಂಡೇ ದಿಬ್ಬಕ್ಕೆ ಬಂದರು. ನಮ್ಮಪ್ಪ ಗಣಿಯೊಳಗೆ ಇಣುಕಿಯೂ ನೋಡಿದವರಲ್ಲ ಎಂದೆ. "ಊರು ಅದೇ ತಾನೆ?" ಎಂದರು. ನನ್ನ ತಲೆಗೆ ಗಣಿಯವರ ಟೋಪಿ ಬೇಕೆಂದರು. ಎಲ್ಲಿಂದ ತರುವುದೆಂದು ಅವರು ತಡಕಾಡುತ್ತಿದ್ದಾಗ ಮಾಮ ಮನೆಗೆ ಹೋಗಿ, ಗೋಡೆಯ ಮೇಲಿದ್ದ ತಮ್ಮಪ್ಪನ ಟೋಪಿ ತಂದು, ಇಸ್ತ್ರಿ ಮಾಡಿದ ಅಂಗಿಯ ತುದಿಯಿಂದಲೇ ಧೂಳೊರೆಸಿದರು. "ಬೇಡ ಮಾಮ, ಇದು ತಾತಂದು" ಎಂದೆ. "ಆಕ್ಕೋ. ಗೋಡೆ ಮ್ಯಾಲೆ ಇರೋಕಿಂತ ಯಾರ ತಲೆ ಮ್ಯಾಲಾದ್ರೂ ಇರ್ಲಿ" ಎಂದು ನನ್ನ ತಲೆಗಿಟ್ಟರು. ನನ್ನ ಮುಖ ಮಾತ್ರ ನೋಡಲಿಲ್ಲ.

ಅವರನ್ನೂ ಚಿತ್ರೀಕರಿಸುತ್ತೇವೆಂದು ಬಿಸಿಲಲ್ಲಿ ಇಡೀ ದಿನ ನಿಲ್ಲಿಸಿಕೊಂಡಿದ್ದರು. ಜಾಹೀರಾತು ಬಂದಾಗ ಮಾಮನ ಹೆಂಡತಿ ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿದರು. ಅದರಲ್ಲಿ ನಾನು 'ಯಾರ ನೆರವೂ ಇಲ್ಲದೆ ತಾನೇ ಕಲಿತ ಹುಡುಗಿ'. ಮಾಮ ಇದ್ದದ್ದು ಒಂದು ಗಳಿಗೆ: ಹೆಲ್ಮೆಟ್ಟಿಗೆ ತಟ್ಟುವ ಒಂದು ಕೈ, ಮಣಿಕಟ್ಟಿನವರೆಗೆ.

"ಅದು ನಿಮ್ ಕೈ ಅಲ್ವಾ?" ಎಂದರು ಅತ್ತೆ.

"ಊಂ. ಚೆನ್ನಾಗಿ ಬಂದೈತೆ" ಎಂದು ಮಾಮ ಎಲ್ಲರಿಗೂ ಟೀ ತರಲು ಎದ್ದುಹೋದರು.

ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಆ ಕಂಪನಿಯ ಹೆಸರು ಬರೆದ ಅಂಗಿ ತೊಟ್ಟುಕೊಂಡೇ ಸಿಟ್ಟು ಮಾಡುತ್ತೇನೆ, ಅದೇ ತಮಾಷೆ. ನನ್ನ ಮೊದಲ ಕಾರ್ ರೇಸಿಗೆ ಮಾಮ ಬಂಗಾರಪೇಟೆಯಿಂದ ರೈಲಿನಲ್ಲಿ ನಿಂತುಕೊಂಡೇ ಬಂದಿದ್ದರು. ಹೊರಡುವ ಮುಂಚೆ ಕಾರಿನ ನೆತ್ತಿಗೆ ಮೂರು ಸಲ ತಟ್ಟಿದರು. ವಾಪಸಾಗುವಾಗ, "ಮುಂದಿನ ವರ್ಷ ಯಾರಾದ್ರೂ ನನ್ನೂ ಕರೀಬೋದು, ಅಲ್ವೇನಮ್ಮಿ?" ಎಂದು ಕೇಳಿದರು. "ಕರೀತಾರೆ ಮಾಮ" ಎಂದೆ. ಇಬ್ಬರಿಗೂ ಗೊತ್ತಿತ್ತು.

ಯಾರೂ ಕರೆಯಲಿಲ್ಲ. ಹೋದ ಬೇಸಿಗೆಯಲ್ಲಿ ಗ್ಯಾರೇಜಿನಲ್ಲೇ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ.

ಅವರ ಮನೆಯವರಲ್ಲಿ ಹೂಳುವುದು ರೂಢಿ. ಹೆಂಗಸರು ಸ್ಮಶಾನಕ್ಕೆ ಬರುವಂತಿಲ್ಲ ಎಂದರು, ನಾನು ಹೋದೆ. ಸುಡುಬಿಸಿಲು, ಹಗ್ಗ ಹಿಡಿದವರಿಗೆ ಅವಸರ, ಗುಂಡಿಯ ಬಾಯಲ್ಲಿ ಶವಪೆಟ್ಟಿಗೆ ಒಂದು ಕಡೆಗೆ ವಾಲುತ್ತಿತ್ತು. ನಾನು ಮುಂದೆ ಹೋಗಿ ಬಗ್ಗಿ, ಪೆಟ್ಟಿಗೆಯ ಮೇಲೆ ಗೆಣ್ಣಿನಿಂದ ಮೂರು ತಟ್ಟಿದೆ. ಆಮೇಲೆ ಎರಡು.

ಹಗ್ಗ ಹಿಡಿದವರಲ್ಲಿ ಗಣಿಯಲ್ಲಿ ದುಡಿದಿದ್ದ ಮುದುಕರೊಬ್ಬರಿದ್ದರು. ತಲೆಯೆತ್ತಿ ನನ್ನನ್ನೇ ನೋಡಿದರು. ಆಮೇಲೆ ಉಳಿದವರ ಕಡೆ ತಿರುಗಿ, "ಮೆಲ್ಲಗ್ರೋ ಲೇ, ಒಳಗೆ ಜನ ಅವ್ರೆ" ಎಂದರು.

ಮಾಮನನ್ನು ಮೆಲ್ಲಗೆ ಇಳಿಸಿದರು.