ಎರಡು ಹೊತ್ತಿನ ಹಾಜರಿ

ನಮ್ಮ ಸೋದರಮಾವ ಉದಯಕುಮಾರ್ ಆಫ್ರಿಕಾದಲ್ಲಿ ಆಂಗ್ಲಿಕನ್ ಸಭೆಯ ಬಿಷಪ್ ಆಗಿದ್ದವರು. ನಲವತ್ತು ವರ್ಷ ಅಲ್ಲಿ ಶಾಲೆ ಕಟ್ಟಿಸಿದರು, ಪಾಠ ಹೇಳಿದರು. ಇಲ್ಲಿ ಹೆತ್ತ ತಾಯಿಯ ಮಣ್ಣಿಗೂ ಬರಲಿಲ್ಲ. ಮನೆಗೆ ಮಾರಿ, ಪರರಿಗೆ ಉಪಕಾರಿ ಎಂದು ನಾನು ಆಡಿಕೊಳ್ಳುತ್ತಿದ್ದೆ. ಹೋದ ವರ್ಷ ನಿವೃತ್ತರಾಗಿ ತುಮಕೂರಿನ ನಮ್ಮ ಮನೆಗೇ ಬಂದರು.

ಒಂದು ದಿನ ಕಾಫಿ ಕುಡಿಯುತ್ತಾ ತಾವಾಗಿಯೇ ಬಾಯಿಬಿಟ್ಟರು. ಸೇವೆಗೆಂದು ಹೋದವರಲ್ಲವಂತೆ, ಓಡಿಹೋದವರಂತೆ.

ಇಪ್ಪತ್ಮೂರನೆಯ ವಯಸ್ಸಿನಲ್ಲಿ ಅವರು ಮಾರ್ಕೋನಹಳ್ಳಿ ಡ್ಯಾಮಿನ ಕಡೆಯ ಒಂದು ಮಿಷನ್ ಶಾಲೆಯ ಮೇಷ್ಟ್ರು. ಎರಡೂ ಹೊತ್ತಿನ ಹಾಜರಿಯನ್ನು ಬೆಳಿಗ್ಗೆಯೇ ಹಾಕಿಬಿಡುವುದು ಅಲ್ಲಿನ ರೂಢಿ. ಮಧ್ಯಾಹ್ನ ಮತ್ತೆ ಹೆಸರು ಕೂಗುವ ತಾಪತ್ರಯವಿಲ್ಲ. ಅವತ್ತು ಪುಟ್ಟಗಂಗಮ್ಮ ಎಂಬ ಹತ್ತು ವರ್ಷದ ಹುಡುಗಿ ಊಟದ ಬೆಲ್ ಆದ ಮೇಲೆ ಕ್ಲಾಸಿಗೆ ಬರಲಿಲ್ಲ. ಕತ್ತಲಾಗುವ ಹೊತ್ತಿಗೆ ಡ್ಯಾಮಿನ ಹಿನ್ನೀರಿನಲ್ಲಿ ಹೆಣ ಸಿಕ್ಕಿತು. ಪೊಲೀಸರು ರಿಜಿಸ್ಟರ್ ನೋಡಿದರು. ಸಂಜೆಯವರೆಗೂ ಕ್ಲಾಸಿನಲ್ಲೇ ಇದ್ದಳು ಎಂದು ಮಾವ ಕೆಲಸ ಹೋದೀತೆಂಬ ಭಯಕ್ಕೆ ಸುಳ್ಳು ಹೇಳಿದರು. ಮುಂದೆ ಯಾವ ಊರಿನಲ್ಲಿ ಹಾಜರಿ ಕೂಗಿದರೂ, ಕೊನೆಯ ಹೆಸರಾದ ಮೇಲೆ ಹಿಂದಿನ ಬೆಂಚಿನಿಂದ ಕನ್ನಡದಲ್ಲಿ ಒಂದು ದನಿ: "ಬಂದಿವ್ನಿ ಸಾ." ಕೇಳಿ ನನಗೆ ಹೆದರಿಕೆಯಾಯಿತು.

"ಆ ಹುಡುಗಿ ತಾಯಿ ಇನ್ನೂ ಇದಾರಂತೆ. ಕಾಲು ಹಿಡಿದು ನಿಜ ಹೇಳಿಬಿಡ್ತೀನಿ ಕಣಮ್ಮ. ಇಲ್ದಿದ್ರೆ ನಾನು ನೆಮ್ಮದಿಯಾಗಿ ಸಾಯಲ್ಲ," ಎಂದರು. ನಾನೇ ಕಾರಿನಲ್ಲಿ ಕುಣಿಗಲ್ ಮೇಲೆ ಆ ಊರಿಗೆ ಕರೆದುಕೊಂಡು ಹೋದೆ.

ಹುಡುಗಿಯ ತಾಯಿ ಚಿಕ್ಕಮಾರಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಹೆಸರು ಹೇಳುತ್ತಲೇ ಗುರುತು ಹಿಡಿದರು. ಮಾವ ಬಾಯಿ ತೆರೆಯುವ ಮೊದಲೇ ಅವರೇ ಶುರುಮಾಡಿದರು.

"ಅವತ್ತು ಮಧ್ಯಾನ ಪುಟ್ಟಿ ಮನೆತಾವ ಬಂದಿದ್ಲು ಮೇಷ್ಟ್ರೇ. ಹೊಟ್ಟೆನೋವು ಕಣವ್ವ, ಸ್ಕೂಲ್ಗೆ ಹೋಗಾಕಿಲ್ಲ ಅಂದ್ಲು. ಸೌದೆ ತಕೊಂಡು ಓಡ್ಸಿ ಕದ ಹಾಕ್ಬುಟ್ಟೆ. ಹೆಣ ಕಂಡಾಗ ನಾನೂ ಬಾವಿಗೆ ಬೀಳಾಕೆ ಹೋಗಿದ್ದೆ. ಆದ್ರೆ ಅವ್ಳು ಸಂಜೆಗಂಟ ಕ್ಲಾಸಲ್ಲೇ ಇದ್ಲು ಅಂತ ಪೊಲೀಸ್ನೋರು ಅಂದ್ರಲ್ಲ. ಸಾಯೋರ ಜೀವ ಮೊದ್ಲೇ ಮನೆಗ್ ಬಂದ್ ಹೋಯ್ತದೆ, ನೀನು ಓಡ್ಸಿದ್ದು ಮಗೀನಲ್ಲ ಅಂದ್ರು ಊರೋರು. ಅದೊಂದು ಮಾತ್ನಾಗೆ ಬದುಕಿವ್ನಿ."

ಆಕೆ ಮಾವನ ಕೈ ಹಿಡಿದುಕೊಂಡು ಕೇಳಿದರು.

"ಕ್ಲಾಸಲ್ಲೇ ಇದ್ಲು ಅಲ್ವಾ ಮೇಷ್ಟ್ರೇ?"

ಮಾವನ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ.

"ಇದ್ಲು ಕಣಮ್ಮ," ಎಂದರು ಮಾವ. "ಸಂಜೆ ಲಾಂಗ್ ಬೆಲ್ ಆಗೋವರ್ಗೂ ನನ್ನ ಕಣ್ಣೆದುರಿಗೇ ಇದ್ಲು."